ಮರಳುಗಾಡಿನಲ್ಲಿ ಸಾಜಿದಾ ಓದಿದ ಕಥೆ

ಸ್ಯಾನ್ ಡಿಯೇಗೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಹಡಿ ಮೇಲಿನ ಮನೆಗೆ ಸಾಜಿದಾ ಬಂದದ್ದು 2001ರ ಜನವರಿಯಲ್ಲಿ. ಅವರ ಗಂಡ ನಿಯಾಜ್ ಮತ್ತು ನನ್ನ ಗಂಡ ಗಿರಿಧರ್ ಒಂದೇ ಟೆಲಿಕಾಂ ಕಂಪನಿಯ ಎಂಜಿನಿಯರುಗಳು. ಮಗಳು ಇಲ್ಮಾ ಆಗಿನ್ನೂ ಹೈಸ್ಕೂಲಿಗೆ ಸೇರುವ ವಯಸ್ಸಿನವಳು. ಸಾಮಾನು ಏರಿಸುವಾಗ ಒಂದು ರಟ್ಟಿನ ಪೆಟ್ಟಿಗೆಯ ತಳ ಕಿತ್ತುಹೋಗಿ ಮೆಟ್ಟಿಲ ತುಂಬ ಕನ್ನಡ ಪುಸ್ತಕಗಳು ಉರುಳಿದವು. ಆಯ್ದುಕೊಡಲು ಹೋದ ನನ್ನ ಕೈಗೆ ಮೊದಲು ಸಿಕ್ಕಿದ್ದು ಒಂದು ಹಳೆಯ ವಾರಪತ್ರಿಕೆ. ಮಡಿಚಿಟ್ಟ ಪುಟದಲ್ಲಿ ರಾಕೆಟ್ಟಿನ ಚಿತ್ರ, ಅದರ ಕೆಳಗೆ 'ಸಾಜಿದಾ, ಮೈಸೂರು' ಎಂಬ ಹೆಸರು.

"ಇದು ನೀವೇನಾ?" ಎಂದೆ.

"ನಾನೇ. ಆಗ ಇಪ್ಪತ್ತೆರಡು ವರ್ಷ," ಎಂದು ಪತ್ರಿಕೆಯನ್ನು ಇಸಿದುಕೊಂಡು ಬೇಗ ಬೇಗ ಮೆಟ್ಟಿಲು ಹತ್ತಿಹೋದರು.

ಅವರ ತಂದೆ ಮೈಸೂರಿನಲ್ಲಿ ಕನ್ನಡ ಪ್ರಾಥಮಿಕ ಶಾಲೆಯ ಹೆಡ್‌ಮೇಷ್ಟ್ರು. ಮನೆಯಲ್ಲಿ ಆಡುವುದು ಉರ್ದು. ಆದರೆ ಸಂಜೆ ಚಹಾ ಆದ ಮೇಲೆ ಮಗಳು ಆ ವಾರದ ಪತ್ರಿಕೆಯನ್ನು ಅಬ್ಬಾನಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಉಚ್ಚಾರ ತಪ್ಪಿದರೆ ಅವರು ಕಣ್ಣು ಮುಚ್ಚಿಕೊಂಡೇ "ಮತ್ತೆ" ಅನ್ನುತ್ತಿದ್ದರು. ಭೌತಶಾಸ್ತ್ರ ಓದಿ, ಹೈಸ್ಕೂಲಿನಲ್ಲಿ ಪಾಠ ಹೇಳುತ್ತ, ಸಾಜಿದಾ ವೈಜ್ಞಾನಿಕ ಕಥೆಗಳನ್ನು ಬರೆಯತೊಡಗಿದರು. ಒಂದೊಂದಾಗಿ ಏಳೆಂಟು ಅಚ್ಚಾದವು. ಅವರ ಕಥೆಗಳಲ್ಲಿ ಎಂಥ ದೂರದ ಗ್ರಹದಲ್ಲಾದರೂ ಯಾರೋ ಒಬ್ಬರು ಒಗ್ಗರಣೆ ಹಾಕುತ್ತಿರುತ್ತಿದ್ದರು. ಮದುವೆಯಾದ ಮೇಲೆ ಬರೆಯುವುದು ನಿಂತಿತು. ಯಾರೂ ಬೇಡ ಅನ್ನಲಿಲ್ಲ. ಗಂಡನ ಮನೆಯಲ್ಲಿ ಕನ್ನಡ ಓದುವವರು ಯಾರೂ ಇರಲಿಲ್ಲ, ಅಷ್ಟೇ.

ಅಮೆರಿಕಕ್ಕೆ ಬಂದ ಮೇಲೆ ಕೆಲಸಕ್ಕೆ ವೀಸಾ ಅಡ್ಡ ಬಂತು. ಗಂಡನ ವೀಸಾದ ಆಸರೆಯಲ್ಲಿ ಬಂದವರು ಸಂಬಳಕ್ಕೆ ದುಡಿಯುವ ಹಾಗಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಅನಾಹುತ ಆಯಿತು. ಅದಾದ ಮೂರನೆಯ ವಾರವೋ ಏನೋ, ತರಕಾರಿ ಚೀಲ ಹಿಡಿದು ಬರುತ್ತಿದ್ದ ಸಾಜಿದಾರ ತಲೆಯ ಮೇಲಿನ ದುಪಟ್ಟಾ ನೋಡಿ ಕಾರೊಂದರಿಂದ ಯಾರೋ ಏನೋ ಕೂಗಿದರು. ಏನು ಕೂಗಿದರು ಎಂದು ಅವರು ನನಗೆ ಇವತ್ತಿಗೂ ಹೇಳಿಲ್ಲ. ಕೆಲವು ದಿನ ಒಬ್ಬಳೇ ಹೊರಗೆ ಹೋಗಬೇಡ ಎಂದು ನಿಯಾಜ್ ಹೇಳಿದರು. ಆ ಕೆಲವು ದಿನಗಳು ಎಲ್ಲಿ ಮುಗಿದವೆಂದು ಯಾರಿಗೂ ಗೊತ್ತಾಗಲಿಲ್ಲ. ಪಬ್ಲಿಕ್ ಲೈಬ್ರರಿ ಒಂದು ಬಿಟ್ಟರೆ ಮನೆ, ಮನೆ ಬಿಟ್ಟರೆ ಲೈಬ್ರರಿ.

ಈದ್ ದಾವತ್ತುಗಳಿಗೆ ಹೋಗುತ್ತಿದ್ದರು. ಅಲ್ಲಿ ಮಾತೆಲ್ಲ ಉರ್ದುವಿನಲ್ಲಿ. ಹೆಂಗಸರು ಒಳ್ಳೆಯವರು, ಪ್ರೀತಿಯಿಂದ ಬಡಿಸುವವರು. ಆದರೆ ಈಕೆ ಕಥೆ ಬರೆಯುತ್ತಿದ್ದುದು ಅವರಿಗೆ ಓದಲು ಬಾರದ ಲಿಪಿಯಲ್ಲಿ. ನನ್ನ ಒತ್ತಾಯಕ್ಕೆ ಒಮ್ಮೆ ರಾಜ್ಯೋತ್ಸವಕ್ಕೂ ಬಂದರು. ಅಲ್ಲಿ ಊಟದ ಸಾಲಿನಲ್ಲಿ ಒಬ್ಬರಾದ ಮೇಲೆ ಒಬ್ಬರು, "ಅರೆ, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ! ಎಲ್ಲಿ ಕಲಿತ್ರಿ?" ಎಂದು ಕೇಳಿದರು. ಸಾಜಿದಾ ನಗುತ್ತಲೇ ಉತ್ತರ ಕೊಟ್ಟರು. ಮರುವರ್ಷ ಕರೆದಾಗ ತಲೆನೋವು ಎಂದರು.

2005ರಲ್ಲಿ ಇಲ್ಮಾ ಉತ್ತರದ ಕಡೆಯ ಕಾಲೇಜಿಗೆ ಹೊರಟುಹೋದಳು. ಮಾರನೆಯ ವರ್ಷ ಬೇಸಿಗೆಗೆ ಮುಂಚೆ ನಿಯಾಜರನ್ನು ಕಂಪನಿ ಕೊರಿಯಾಕ್ಕೆ ಕಳಿಸಿತು. ಎರಡು ಮೂರು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ನಾನೋ ಬೆಳಿಗ್ಗೆ ಲಾ ಹೋಯಾದ ಲ್ಯಾಬಿಗೆ ಹೋದರೆ ಕತ್ತಲಾದ ಮೇಲೆ ಬರುವವಳು.

"ಹಗಲಿಡೀ ನನ್ನ ಧ್ವನಿ ನಾನೇ ಕೇಳಿರಲ್ಲ, ವತ್ಸಲಾ," ಎಂದು ಒಮ್ಮೆ ಅವರು ಹೇಳಿದ್ದುಂಟು. "ಸಂಜೆ ಇವರ ಫೋನ್ ಬಂದ್ರೆ ಮೊದಲನೇ ಮಾತು ಗಂಟಲಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ಕೆಮ್ಮಿ ಸರಿಮಾಡ್ಕೊಂಡು ಆಮೇಲೆ ಹಲೋ ಅಂತೀನಿ."

ಆ ಜೂನಿನಲ್ಲಿ ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ಅವರು ಒಂದು ಪೋಸ್ಟರು ನೋಡಿದರು. ಲಾಸ್ ಏಂಜಲೀಸಿನ ಸೈನ್ಸ್ ಫಿಕ್ಷನ್ ಅಭಿಮಾನಿಗಳ ಚಿಕ್ಕ ಸಂಘವೊಂದು ಜುಲೈಯಲ್ಲಿ ಮೂರು ದಿನದ ಸಮ್ಮೇಳನ ನಡೆಸುತ್ತದೆ. ಸ್ಥಳ, ಪೂರ್ವಕ್ಕೆ ಮರಳುಗಾಡಿನ ಒಂದು ಹೋಟೆಲು. ಆ ಸುಡುಬಿಸಿಲಿನಲ್ಲಿ ಅಲ್ಲಿಗೆ ಯಾರೂ ಹೋಗುವುದಿಲ್ಲವಾದ್ದರಿಂದ ಬಾಡಿಗೆ ಸೋವಿ. ಕೊನೆಯ ಸಾಲಿನಲ್ಲಿ, ಕಥೆ ಪ್ರಕಟಿಸಿದವರು ಯಾರೇ ಆಗಲಿ, ಬಂದು ಅರ್ಧ ಗಂಟೆ ಓದಬಹುದು ಎಂದಿತ್ತು. ಸಾಜಿದಾ ಮನೆಗೆ ಬಂದು ಫೋನಿನ ಮುಂದೆ ಬಹಳ ಹೊತ್ತು ಕೂತಿದ್ದು, ಕೊನೆಗೆ ಆ ನಂಬರಿಗೆ ಮಾಡಿದರು. ಆ ಕಡೆಯ ಹೆಂಗಸು ಸಂತೋಷದಿಂದಲೇ ಹೆಸರು ಬರೆದುಕೊಂಡರು. ಯಾವ ಭಾಷೆಯ ಲೇಖಕಿ ಎಂದು ಕೇಳಿದರು. ಕನ್ನಡ ಎಂದರು ಇವರು. "ಓಹ್, ಬಹಳ ಒಳ್ಳೆಯದು," ಎಂದು ಆಕೆ ಫೋನಿಟ್ಟರು.

ನಿಯಾಜರಿಗೆ ಫೋನಿನಲ್ಲಿ ಹೇಳಿದಾಗ ಅವರು ಮೊದಲು ಕೇಳಿದ್ದು ದಾರಿಯ ವಿಷಯ. "ಅಷ್ಟು ದೂರ ಒಬ್ಬಳೇ ಡ್ರೈವ್ ಮಾಡ್ತೀಯಾ?"

"ಮಾಡ್ತೀನಿ."

"ಹಾಗಾದ್ರೆ ರೇಡಿಯೇಟರ್‌ಗೆ ನೀರು ನೋಡ್ಕೋ. ಕುಡಿಯೋ ನೀರೂ ಜಾಸ್ತಿ ಇಟ್ಕೋ."

ಏನು ಓದುತ್ತೀಯ ಎಂದು ಕೇಳಲಿಲ್ಲ. ಕೇಳಬಹುದು ಎಂದು ಸಾಜಿದಾ ಕಾದಿದ್ದರು.

ಶನಿವಾರ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೊರಟರು. ಫ್ರೀವೇಯಲ್ಲಿ ಅಷ್ಟು ದೂರ ಅವರು ಎಂದೂ ಒಬ್ಬರೇ ಹೋದವರಲ್ಲ. ರಿವರ್‌ಸೈಡ್ ದಾಟುವಾಗಲೇ ಗಾಳಿ ಬಿಸಿಯಾಗಿತ್ತು. ಮುಂದೆ ಎರಡು ಬೋಳು ಬೆಟ್ಟಗಳ ನಡುವಿನ ಕಣಿವೆಯಲ್ಲಿ ನೂರಾರು ಗಾಳಿಯಂತ್ರಗಳು ಬಿಳಿ ರೆಕ್ಕೆ ತಿರುಗಿಸುತ್ತ ನಿಂತಿದ್ದವು. ಅದನ್ನು ನೋಡಿ ಅವರಿಗೆ ಧೈರ್ಯ ಬಂತಂತೆ, ಯಾಕೆಂದರೆ ಓದಲೆಂದು ತಂದಿದ್ದ ಕಥೆಯ ಹೆಸರೇ 'ಗಾಳಿ ಠಾಣೆ'. ಹೋಟೆಲು ತಲುಪಿ ಬಾಗಿಲು ತೆರೆದಾಗ ಒಲೆಯ ಬಾಯಿಗೆ ಮುಖ ಕೊಟ್ಟಂತಾಯಿತು. ನೂರ ಹದಿನೇಳು ಡಿಗ್ರಿ ಫ್ಯಾರನ್‌ಹೀಟ್ ಎಂದು ಎದುರಿನ ಬ್ಯಾಂಕಿನ ಬೋರ್ಡು ತೋರಿಸುತ್ತಿತ್ತು. ಡಾಂಬರು ಮೆತ್ತಗಾಗಿ ಚಪ್ಪಲಿ ಕಚ್ಚಿ ಹಿಡಿಯುತ್ತಿತ್ತು. ಈಜುಕೊಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೈ ಅದ್ದಿ ನೋಡಿದರೆ ಹಂಡೆಯ ನೀರು.

ಒಳಗೆ ಬೇರೆಯೇ ಲೋಕ. ಮೈಗೆಲ್ಲ ಬೆಳ್ಳಿಬಣ್ಣ ಬಳಿದುಕೊಂಡವರು, ಹಣೆಗೆ ಕೊಂಬು ಅಂಟಿಸಿಕೊಂಡವರು, ಮೀನಿನ ತಲೆ ಹೊತ್ತವರು, ಹಳೆಯ ಪುಸ್ತಕಗಳ ಮೇಜಿನ ಹಿಂದೆ ಬೀಸಣಿಗೆ ಹಾಕಿಕೊಳ್ಳುತ್ತ ಕೂತ ಮುದುಕರು. ರಟ್ಟಿನ ಯಂತ್ರಮಾನವನೊಬ್ಬ ಪಾರ್ಕಿಂಗ್ ಲಾಟಿನಿಂದ ಒಳಗೆ ಬರುವಷ್ಟರಲ್ಲಿ ಅಂಟು ಕರಗಿ ಒಂದು ತೋಳು ಕಳಚಿ ಬಿದ್ದಿತ್ತು. ಅವನ ಗೆಳೆಯರು ಅದನ್ನು ಶವದಂತೆ ಹೊತ್ತು ನಗುತ್ತ ಹಿಂದೆ ಬರುತ್ತಿದ್ದರು. ಎಲ್ಲರಿಗೂ ಎಲ್ಲರೂ ಗೊತ್ತು. ವರ್ಷಕ್ಕೊಮ್ಮೆ ಸಿಗುವ ನೆಂಟರ ಹಾಗೆ ತಬ್ಬಿಕೊಳ್ಳುತ್ತಿದ್ದರು.

ಸಾಜಿದಾ ಕತ್ತಿಗೆ ಹಾಕಿಕೊಳ್ಳುವ ಕಾರ್ಡು ಪಡೆದು ನೋಡಿದರು. ಹೆಸರಿನ ಕೆಳಗೆ 'ಕೆನಡಾ' ಎಂದಿತ್ತು. ತಿದ್ದಿಸಲೆಂದು ಹಿಂದಿರುಗಿದರೆ ಮೇಜಿನ ಮುಂದೆ ಉದ್ದನೆಯ ಸಾಲು. ಹಾಗೇ ಹಾಕಿಕೊಂಡರು.

ಒಬ್ಬ ಯುವಕ ಎದುರು ನಿಂತು ಅವರ ಸಲ್ವಾರ್ ಕಮೀಜನ್ನೂ ತಲೆಯ ಮೇಲಿನ ಹಸಿರು ದುಪಟ್ಟಾವನ್ನೂ ಮೆಚ್ಚುಗೆಯಿಂದ ನೋಡಿದ. ಬಹಳ ಚೆನ್ನಾಗಿದೆ, ಇದು ಯಾವ ಗ್ರಹದ ವೇಷ ಎಂದು ಕೇಳಿದ. ವೇಷವಲ್ಲ, ಇದು ನನ್ನ ದಿನದ ಬಟ್ಟೆ ಎಂದರು ಇವರು. ಹುಡುಗ ನಾಚಿ ಕೆಂಪಾಗಿ ಮೂರು ಸಲ ಕ್ಷಮೆ ಕೇಳಿದ. ಅವನಿಗೆ ಗೊತ್ತಿರಲಿಲ್ಲ: ಆ ದುಪಟ್ಟಾವನ್ನು ಅಪರಿಚಿತರೊಬ್ಬರು ಮೆಚ್ಚಿ ನೋಡಿದ್ದು ಐದು ವರ್ಷಗಳಲ್ಲಿ ಅದೇ ಮೊದಲು. ಇನ್ನೂ ಸ್ವಲ್ಪ ಹೊತ್ತು ಮಾತಾಡಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಅನಿಸುವಷ್ಟರಲ್ಲಿ ಅವನು ಗುಂಪಿನಲ್ಲಿ ಸೇರಿಹೋಗಿದ್ದ.

ಮಧ್ಯಾಹ್ನ ಊಟಕ್ಕೆಂದು ಕಾರಿಗೆ ಹೋದರೆ ಮೊಸರನ್ನ ಹುಳಿಯೊಡೆದು ಉಬ್ಬಿತ್ತು. ಚಿತ್ರಾನ್ನವನ್ನು ಹೋಟೆಲಿನ ಕಾರಿಡಾರಿನಲ್ಲಿ, ಐಸ್ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೂತು ತಿಂದರು. ಹಾದುಹೋಗುವವರೆಲ್ಲ ಮುಗುಳ್ನಗುತ್ತಿದ್ದರು. ಇವರೂ ನಗುತ್ತಿದ್ದರು. ಬೆಳಿಗ್ಗೆಯಿಂದ ನೂರು ಜನಕ್ಕಾದರೂ ನಕ್ಕಿದ್ದೇನೆ, ದವಡೆ ನೋಯುತ್ತಿದೆ, ಒಬ್ಬರ ಹೆಸರೂ ಗೊತ್ತಿಲ್ಲ ಎಂದು ಅವರಿಗೆ ಹೊಳೆದದ್ದು ಅಲ್ಲೇ ಅಂತೆ. ಮನೆಯಲ್ಲಿ ಒಬ್ಬಳೇ ಇರುವುದಕ್ಕೆ ಗೋಡೆಯಾದರೂ ಜೊತೆ. ಇಲ್ಲಿ ಅದೂ ಇಲ್ಲ ಎನಿಸಿತು. ವಾಪಸು ಹೊರಟುಬಿಡೋಣ ಎಂದುಕೊಂಡರು. ಆದರೆ ಹೊರಗೆ ಆ ಬಿಸಿಲು.

ಅವರ ಓದು ಮೂರು ಗಂಟೆಗೆ, ಹಿಂಬದಿಯ ಒಂದು ಚಿಕ್ಕ ಕೋಣೆಯಲ್ಲಿ. ಎರಡೂವರೆಯ ಹೊತ್ತಿಗೆ ದೊಡ್ಡ ಸಭಾಂಗಣದ ಏಸಿ ಕೆಟ್ಟುನಿಂತಿತು. ಕಾಲು ಗಂಟೆಯಲ್ಲಿ ಅದು ಇಟ್ಟಿಗೆ ಗೂಡಾಯಿತು. ಬೆಳ್ಳಿಮನುಷ್ಯನ ಬಣ್ಣ ಕುತ್ತಿಗೆಯಿಂದ ಇಳಿಯತೊಡಗಿತು. ಆ ಚಿಕ್ಕ ಕೋಣೆಗೆ ಮಾತ್ರ ಕಿಟಕಿಯಲ್ಲಿ ಬೇರೆ ಏಸಿ ಇತ್ತು. ಸಾಜಿದಾ ಬಾಗಿಲು ತೆರೆದಾಗ ಕುರ್ಚಿಗಳೆಲ್ಲ ತುಂಬಿ, ನೆಲದ ಮೇಲೆ, ಗೋಡೆಗೆ ಒರಗಿ, ಕಿಟಕಿಯ ಕಟ್ಟೆಯ ಮೇಲೂ ಜನ ಕೂತಿದ್ದರು. ಒಂದು ಕ್ಷಣ ಅವರ ಎದೆ ಹಿಗ್ಗಿತು. ಆಮೇಲೆ ಎಲ್ಲರ ಮುಖವೂ ಏಸಿಯ ಕಡೆಗಿರುವುದು ಕಂಡಿತು.

ಜಡೆ ಹಾಕಿದ ನರೆಗೂದಲಿನ ಸ್ವಯಂಸೇವಕಿಯೊಬ್ಬರು ಎದ್ದು, ಕೆನಡಾದಿಂದ ಬಂದ ಲೇಖಕಿ ಎಂದು ಪರಿಚಯಿಸಿದರು. "ಅಲ್ಲಿಯ ಚಳಿಯನ್ನ ಸ್ವಲ್ಪ ತಂದಿದ್ದೀರಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಸಾಜಿದಾ ಇಂಗ್ಲಿಷಿನಲ್ಲಿ, ತಾನು ಬಂದದ್ದು ಸ್ಯಾನ್ ಡಿಯೇಗೋದಿಂದ, ಊರು ಮೈಸೂರು, ಭಾಷೆ ಕನ್ನಡ, ಅದು ದಕ್ಷಿಣ ಭಾರತದ್ದು ಎಂದು ವಿವರಿಸಿದರು. ನನ್ನ ಭಾಷೆಯಲ್ಲಿ ಒಂದು ಪುಟ ಓದಿ ಆಮೇಲೆ ಸಾರಾಂಶ ಹೇಳುತ್ತೇನೆ ಎಂದರು. ಯಾರೂ ಬೇಡವೆನ್ನಲಿಲ್ಲ. ಏನು ಓದಿದರೂ ಯಾರೂ ಎದ್ದುಹೋಗುವಂತಿರಲಿಲ್ಲ.

ಕಥೆ ಇಷ್ಟು. ಎಲ್ಲ ವಸ್ತುವಿಗೂ ತೂಕ ಬಹಳ ಕಡಿಮೆಯಿರುವ, ಬರೀ ಗಾಳಿ ಬೀಸುವ ದೂರದ ಲೋಕವೊಂದರಲ್ಲಿ ಗಾಳಿ ಅಳೆಯುವ ಠಾಣೆ. ತಿಮ್ಮಕ್ಕ ಎಂಬ ಹೆಂಗಸನ್ನು ಅಲ್ಲಿ ಒಂದು ವರ್ಷಕ್ಕೆ ನೇಮಿಸಿದ್ದಾರೆ. ಅವಳ ಜಾಗಕ್ಕೆ ಬರಬೇಕಾದವರು ಬರುವುದೇ ಇಲ್ಲ. ವರ್ಷಗಳು ಕಳೆಯುತ್ತವೆ. ತಿಮ್ಮಕ್ಕ ದಿನವೂ ಎರಡು ತಟ್ಟೆ ಹಾಕಿ ಕಾಯುತ್ತಾಳೆ.

ಸಾಜಿದಾ ಓದತೊಡಗಿದರು. ಯಾರೋ ಗೊರಕೆ ಹೊಡೆದರು. ಮೀನುತಲೆಯವನು ತಲೆ ಕಳಚಿ ಮಡಿಲಲ್ಲಿಟ್ಟುಕೊಂಡು, ತೊಯ್ದ ಕೂದಲು ಹಿಂದಕ್ಕೆ ತಳ್ಳಿ ಕಣ್ಣು ಮುಚ್ಚಿಕೊಂಡ. ಒಂದು ಪುಟ ಮುಗಿದಾಗ ನಿಲ್ಲಿಸಬೇಕಿತ್ತು. ಆದರೆ ಕನ್ನಡವನ್ನು ಅಷ್ಟು ಗಟ್ಟಿಯಾಗಿ, ಅಷ್ಟು ಜನರ ಮುಂದೆ ಉಚ್ಚರಿಸಿ ಎಷ್ಟು ಕಾಲವಾಗಿತ್ತು! ಬಾಯಿ ತಾನಾಗಿ ಎರಡನೆಯ ಪುಟಕ್ಕೆ ಹೋಯಿತು. ಅಲ್ಲಿ ತಿಮ್ಮಕ್ಕ ಮುದ್ದೆ ಕಟ್ಟುವ ಭಾಗ. ಕಟ್ಟಿದ ಮುದ್ದೆ ತಟ್ಟೆಯಿಂದ ಮೆಲ್ಲಗೆ ಎದ್ದು ತೇಲುತ್ತ ಹೋಗಿ ಸೂರಿಗೆ ಅಂಟಿಕೊಳ್ಳುತ್ತದೆ. ತಿಮ್ಮಕ್ಕ ಸೌಟು ಎತ್ತಿ, 'ಇಳಿಯೋ ಮೂದೇವಿ, ಸಾರು ಆರ್ತಾ ಇದೆ' ಎಂದು ಗದರಿಸುತ್ತಾಳೆ.

ಕೋಣೆಯ ಹಿಂಭಾಗದಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಸಾಜಿದಾ ತಲೆಯೆತ್ತಿದರು. ಬಣ್ಣ ಬಳಿದ ಮುಖಗಳ ನಡುವೆ ನಕ್ಕವರು ಯಾರೆಂದು ತಿಳಿಯಲಿಲ್ಲ. ಆದರೆ ಆ ನಗು ಸರಿಯಾದ ಜಾಗಕ್ಕೇ ಬಂದಿತ್ತು. ಅಷ್ಟು ಜನರಲ್ಲಿ ಒಬ್ಬರಿಗೆ ಮುದ್ದೆ ಅಂದರೆ ಗೊತ್ತು! ಅಲ್ಲಿಂದ ಮುಂದೆ ಅವರು ಓದಿದ್ದು ಆ ಒಂದು ನಗುವಿಗೆ. ಧ್ವನಿ ಏರಿತು, ಇಳಿಯಿತು. ಅಬ್ಬಾನ ಎದುರು ಓದುವಾಗಿನ ನಿಲುಗಡೆಗಳೆಲ್ಲ ತಾವಾಗಿ ಬಂದವು. ಕೊನೆಯಲ್ಲಿ ಹಡಗು ಬಂದು ಇಳಿಯುವ ಸದ್ದು ತಿಮ್ಮಕ್ಕನಿಗೆ ಕೇಳುತ್ತದೆ. ಅವಳು ಕೈ ಒರೆಸಿಕೊಂಡು ಬಾಗಿಲಿಗೆ ಬರುತ್ತಾಳೆ. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಪ್ರಕಟಣೆ ಬಂತು: ಸಭಾಂಗಣದ ಏಸಿ ಸರಿಹೋಗಿದೆ, ವೇಷ ಸ್ಪರ್ಧೆ ಈಗಲೇ ಶುರು.

ಕೋಣೆ ಖಾಲಿಯಾಯಿತು. ಒರಟಾಗಿ ಯಾರೂ ಹೋಗಲಿಲ್ಲ. ಕೆಲವರು ಮೆಲ್ಲಗೆ ಚಪ್ಪಾಳೆ ತಟ್ಟಿದರು, ಮೀನುತಲೆಯವನು ಎದೆಯ ಮೇಲೆ ಕೈಯಿಟ್ಟು ಬಾಗಿದ, ಸ್ವಯಂಸೇವಕಿ ಗಡಿಯಾರ ತೋರಿಸಿ ಪೇಚಾಡುವಂತೆ ನಕ್ಕರು. ಕುರ್ಚಿಗಳ ಸದ್ದು ಅಡಗಿದ ಮೇಲೆ ಸಾಜಿದಾ ಕೊನೆಯ ಪುಟ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದರು. "ಅಳು ಬರ್ಲಿಲ್ಲ, ವತ್ಸಲಾ," ಎಂದರು ನನಗೆ. "ಬಾಯಿ ಒಣಗಿತ್ತು. ನೀರಿನ ಬಾಟಲಿ ಎಲ್ಲಿಟ್ಟೆ ಅಂತ ಹುಡುಕ್ತಾ ಇದ್ದೆ."

ಬಾಟಲಿಯನ್ನು ಎತ್ತಿಕೊಟ್ಟದ್ದು ಮುಖಕ್ಕೆ ನೀಲಿ ಬಣ್ಣ ಬಳಿದ ಒಬ್ಬ ಹುಡುಗಿ. "ಆಂಟಿ, ಸೋ ಶಿಪ್ ಬಂದ್ಮೇಲೆ ವಾಟ್ ಹ್ಯಾಪನ್ಸ್?" ಎಂದಳು.

"ನಕ್ಕಿದ್ದು ನೀನಾ?"

ಅವಳು ಹಲ್ಲು ತೋರಿಸಿದಳು. ನೀಲಿಯ ನಡುವೆ ಅವು ಬಹಳ ಬಿಳಿ. ಹೆಸರು ನಮ್ರತಾ, ಲಾಸ್ ಏಂಜಲೀಸ್ ಹತ್ತಿರದ ಪೊಮೊನಾದ ಯೂನಿವರ್ಸಿಟಿಯಲ್ಲಿ ಓದುವವಳು, ಹುಟ್ಟಿದ್ದು ಇಲ್ಲೇ. ಕನ್ನಡ ಅರ್ಥವಾಗುತ್ತದೆ, ಆಡಲು ನಾಚಿಕೆ ಎಂದು ಇಂಗ್ಲಿಷಿನಲ್ಲೇ ಹೇಳಿದಳು. ಮನೆಯಲ್ಲಿ ಅಜ್ಜಿ ಇದ್ದಾರೆ, ಮುದ್ದೆಯ ವಿಷಯದಲ್ಲಿ ಅವರೂ ಹೀಗೇ ಬಯ್ಯುತ್ತಾರೆ ಎಂದಳು. ಕೊನೆಗೆ ಸಂಕೋಚದಿಂದ ಇನ್ನೊಂದು ವಿಷಯವೂ ಬಂತು: ಅವಳ ಹಳೆಯ ಕಾರು ಬೆಳಿಗ್ಗೆ ಬರುವಾಗಲೇ ಕುದಿದು ನಿಂತುಹೋಗಿತ್ತು. ಅಪ್ಪ ಅಮ್ಮ ಮದುವೆಗೆಂದು ನ್ಯೂಜೆರ್ಸಿಗೆ ಹೋಗಿದ್ದಾರೆ, ಅಜ್ಜಿಯ ಹತ್ತಿರ ಪಕ್ಕದ ಮನೆಯವರು ಸಂಜೆಯವರೆಗೆ ಮಾತ್ರ ಇರುತ್ತಾರೆ. ಗೆಳೆಯರೆಲ್ಲ ನಾಳೆಯವರೆಗೆ ಇಲ್ಲೇ.

ಸಾಜಿದಾ ಆ ರಾತ್ರಿಗೆ ಹೋಟೆಲಿನಲ್ಲಿ ಕೋಣೆ ತೆಗೆದುಕೊಂಡಿದ್ದರು. ಕೀಲಿ ವಾಪಸು ಕೊಟ್ಟು ಬಂದರು. "ಮುಖ ತೊಳ್ಕೊಂಡು ಬಾ, ಬಿಡ್ತೀನಿ," ಎಂದರು.

ಸ್ಟೀರಿಂಗ್ ಮುಟ್ಟಲಾಗದಷ್ಟು ಕಾದಿತ್ತು. ದುಪಟ್ಟಾದ ಅಂಚು ಸುತ್ತಿ ಹಿಡಿದು ಹೊರಟರು. ಪಡುವಲ ಬಿಸಿಲು ನೇರ ಕಣ್ಣಿಗೆ. ದಾರಿಯಲ್ಲಿ ಹುಡುಗಿ ಮತ್ತೆ ಕಥೆಯ ಕೊನೆ ಕೇಳಿದಳು. ಸಾಜಿದಾ ಹೇಳಿದರು: ಹಡಗಿನಿಂದ ಇಳಿದವರು ತಿಮ್ಮಕ್ಕನಿಗೆ ಬದಲಿ ಬಂದವರಲ್ಲ, ದಾರಿಯಲ್ಲಿ ನೀರಿಗೆ ನಿಂತವರು. ಬರುವುದಾದರೆ ಬಾ, ಕರೆದುಕೊಂಡು ಹೋಗುತ್ತೇವೆ ಎನ್ನುತ್ತಾರೆ. ಗಾಳಿ ಅಳೆಯುವವರು ಯಾರೂ ಇಲ್ಲದ ಹಾಗಾಗುತ್ತದೆ ಎಂದು ತಿಮ್ಮಕ್ಕ ಅಲ್ಲೇ ಉಳಿಯುತ್ತಾಳೆ. ಹಡಗು ಹೋಗುತ್ತದೆ. ಅವಳು ಎರಡು ತಟ್ಟೆ ಹಾಕುತ್ತಾಳೆ.

ನಮ್ರತಾ ಕಿವಿಯ ಹಿಂದೆ ಉಳಿದಿದ್ದ ನೀಲಿ ಬಣ್ಣವನ್ನು ಉಗುರಿನಿಂದ ಕೆರೆದಳು. ಆಮೇಲೆ, "ಆಂಟಿ, ದಟ್ಸ್ ಸೋ ಮೀನ್, ಪಾಪ ತಿಮ್ಮಕ್ಕ," ಎಂದಳು.

ಪೊಮೊನಾದ ಆ ಮನೆಯ ಬಾಗಿಲು ತೆರೆದ ಜಯಮ್ಮ ಎಂಬತ್ತರ ಹತ್ತಿರದವರು, ತಿಪಟೂರಿನ ಕಡೆಯವರು. ದೃಷ್ಟಿ ಮಂಜು; ಎದುರಿನವರ ಮುಖದ ನಡುವೆ ಕಪ್ಪು ಮಚ್ಚೆ ಕೂತ ಹಾಗೆ ಕಾಣುತ್ತದಂತೆ. ಅದಕ್ಕೇ ತಲೆ ಓರೆಮಾಡಿ, ಕಣ್ಣಂಚಿನಿಂದ ಸಾಜಿದಾರನ್ನು ನೋಡಿದರು.

"ಯಾರವ್ವಾ ನೀನು? ಸಾಬರ ಪೈಕಿಯಾ?"

"ಹೌದು ಅಮ್ಮ. ಮೈಸೂರು."

"ಕನ್ನಡ ಎಲ್ಲಿ ಕಲಿತೆ?"

ಇಲ್ಲೂ ಅದೇ ಪ್ರಶ್ನೆ. ದಣಿವಿನಲ್ಲಿ ಸಾಜಿದಾರಿಗೆ ಈ ಸಲ ನಗಲಾಗಲಿಲ್ಲ. "ನೀವು ಎಲ್ಲಿ ಕಲಿತ್ರೋ ಅಲ್ಲೇ. ಮನೆ ಹತ್ರದ ಸ್ಕೂಲಲ್ಲಿ," ಎಂದರು.

ಜಯಮ್ಮ ಜೋರಾಗಿ ನಕ್ಕುಬಿಟ್ಟರು. "ಸರಿಯಾಗಿ ಅಂದೆ ಬಿಡು. ಬಾ ಒಳಕ್ಕೆ. ಇಷ್ಟು ಹೊತ್ತಲ್ಲಿ ಸ್ಯಾನ್ ಡಿಯೇಗೋಗೆ ಏನು ಹೋಗ್ತೀಯಾ, ಇಲ್ಲೇ ಇದ್ದು ಬೆಳಿಗ್ಗೆ ಹೋಗು."

ಮರುದಿನ ಬೆಳಿಗ್ಗೆ ಕಾಫಿಯಾದ ಮೇಲೆ ಜಯಮ್ಮ ಕಥೆ ಓದಿಸಿದರು. ಮೊಮ್ಮಗಳು ರಾತ್ರಿಯೇ ಎಲ್ಲ ವರದಿ ಒಪ್ಪಿಸಿದ್ದಳು. ಸಾಜಿದಾ ಮೊದಲಿಂದ ಕೊನೆಯವರೆಗೆ, ಯಾರೂ ಎದ್ದುಹೋಗದೆ, ಯಾವ ಪ್ರಕಟಣೆಯೂ ಅಡ್ಡ ಬರದೆ ಓದಿದರು. ಜಯಮ್ಮ ಎಲ್ಲೂ ನಗಲಿಲ್ಲ, ಮುದ್ದೆ ತೇಲಿದಾಗಲೂ. ಮುಗಿದ ಮೇಲೆ ಮಂಡಿ ನೀವಿಕೊಳ್ಳುತ್ತ, "ಕೊನೆ ಸರಿಯಿಲ್ಲ," ಎಂದರು.

"ಯಾಕಮ್ಮ?"

"ಅವಳು ಹೋಗ್ಬೇಕಿತ್ತು ಕಣೇ. ಯಾಕೆ ಉಳಿಸ್ದೆ? ಎಷ್ಟು ವರ್ಷ ನಿಂಗೆ ಆಗ?"

"ಇಪ್ಪತ್ತೆರಡು."

"ಅದೇ ಮತ್ತೆ. ಒಂಟಿಯಾಗಿರೋದು ದೊಡ್ಡಸ್ತಿಕೆ ಅಂತ ತಿಳ್ಕೊಂಡು ಬರ್ದಿದ್ದೀಯ. ಮನೆ ತುಂಬ ಜನ ಇದ್ದಾಗ ಹಾಗನ್ನಿಸುತ್ತೆ." ಮುದುಕಿ ಲೋಟ ಪಕ್ಕಕ್ಕಿಟ್ಟರು. "ಇಲ್ಲಿ ಮಗ ಸೊಸೆ ಇಬ್ಬರೂ ಬಂಗಾರದಂಥೋರು. ಎಂಟು ಗಂಟೆಗೆ ಹೋದ್ರೆ ಸಾಯಂಕಾಲ ಬರ್ತಾರೆ. ನಾನು ಗಡಿಯಾರದ ಸದ್ದು ಕೇಳ್ಕೊಂಡು ಕೂತಿರ್ತೀನಿ. ಆ ಹಡಗು ನನ್ನ ಬಾಗಿಲಿಗೆ ಬಂದಿದ್ರೆ ಚಪ್ಪಲೀನೂ ಮೆಟ್ಟದೆ ಹತ್ತಿಬಿಡ್ತಿದ್ದೆ."

ಇದನ್ನು ನನಗೆ ಹೇಳುವಾಗ ಸಾಜಿದಾ ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದರು. ಮೈಸೂರಿನಲ್ಲಿ ಸಂಪಾದಕರು ಹೊಗಳಿದ್ದರು, ಓದುಗರು ಕಾಗದ ಬರೆದಿದ್ದರು. ಆದರೆ ಕಥೆಯೊಳಗಿನ ಹೆಂಗಸಿನ ಪರವಾಗಿ ತನ್ನೊಡನೆ ಜಗಳ ತೆಗೆದವರು ಇವರೊಬ್ಬರೇ ಎಂದರು.

ಆಮೇಲೆ ಅವರು ಆಗಾಗ ಶನಿವಾರ ಪೊಮೊನಾಕ್ಕೆ ಹೋಗತೊಡಗಿದರು. ಮಗ ಕೇಶವಮೂರ್ತಿಗೂ ಸೊಸೆ ಕಲಾವತಿಗೂ ಮೊದಲು ಸ್ವಲ್ಪ ಆಶ್ಚರ್ಯ, ಆಮೇಲೆ ನಿರಾಳ. ಸಾಜಿದಾ ತಮ್ಮ ಹಳೆಯ ಕಥೆಗಳನ್ನು ಒಂದೊಂದಾಗಿ ಓದಿದರು. ಜಯಮ್ಮ ಒಂದೊಂದನ್ನೂ ಸಾರಿನ ಹಾಗೆ ರುಚಿ ನೋಡಿ ಉಪ್ಪು ಕಮ್ಮಿ, ಹುಳಿ ಹೆಚ್ಚು ಎಂದರು. ಹಳೆಯವು ಮುಗಿದ ಮೇಲೆ, "ಹೊಸದು ಬರಿ. ಈ ಸಲ ಇಬ್ಬರನ್ನ ಇಡು. ಒಬ್ಬರನ್ನೇ ಬಿಟ್ಟುಬಿಟ್ಟು ನೀನು ಎದ್ದು ಬಂದ್ಬಿಡ್ತೀಯ," ಎಂದರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ಸಾಜಿದಾ ಬರೆಯಲು ಕೂತರು. ಬಹಳ ನಿಧಾನ. ಹಗಲು ನಾನು ರಜೆಯಲ್ಲಿದ್ದ ದಿನ ಮಹಡಿಯ ಮೇಲಿಂದ ಅವರ ಧ್ವನಿ ಕೇಳುತ್ತಿತ್ತು: ಬರೆದ ವಾಕ್ಯವನ್ನು ತಾವೇ ಗಟ್ಟಿಯಾಗಿ ಓದಿಕೊಂಡು, ತಾವೇ "ಮತ್ತೆ" ಎನ್ನುತ್ತಿದ್ದರು.

ಆದರೆ ಕಥೆ ಮುಗಿಯುವ ಮೊದಲೇ, 2007ರ ಕೊನೆಯಲ್ಲಿ, ಕೇಶವಮೂರ್ತಿಗೆ ಹ್ಯೂಸ್ಟನ್‌ಗೆ ವರ್ಗವಾಯಿತು. ನಮ್ರತಾ ಅಷ್ಟರಲ್ಲಿ ಓದು ಮುಗಿಸಿ ಕೆಲಸಕ್ಕೆಂದು ಎಲ್ಲಿಗೋ ಹೋಗಿದ್ದಳು. ಮೊದಮೊದಲು ಫೋನ್ ಮಾಡುತ್ತಿದ್ದಳು, ಆಮೇಲೆ ಹಬ್ಬಕ್ಕೊಂದು ಈಮೇಲು. ಕೊನೆಯ ಶನಿವಾರ ಮನೆ ತುಂಬ ಪೆಟ್ಟಿಗೆಗಳು. ಜಯಮ್ಮ ಸಾಜಿದಾರ ಕೈ ಹಿಡಿದು ಎಂದಿನಂತೆ ಓರೆಗಣ್ಣಿನಿಂದ ನೋಡಿ, "ಬೇಗ ಮುಗ್ಸು. ನಂಗೆ ಟೈಮಿಲ್ಲ," ಎಂದರಂತೆ. ಬರುವಾಗ ಸಾಜಿದಾ ದಾರಿಯಲ್ಲಿ ಎರಡು ಕಡೆ ಕಾರು ನಿಲ್ಲಿಸಬೇಕಾಯಿತು.

2008ರ ಬೇಸಿಗೆಯಲ್ಲಿ ಕಥೆ ಮುಗಿಯಿತು. ಚಂದ್ರನ ಮೇಲೆ ತಟ್ಟೆ ಇಡ್ಲಿ ಹೋಟೆಲು ನಡೆಸುವ, ದಿನವೂ ಜಗಳವಾಡುವ ಇಬ್ಬರು ಮುದುಕಿಯರ ಕಥೆ. ಸಾಜಿದಾ ಹ್ಯೂಸ್ಟನ್‌ಗೆ ಫೋನ್ ಮಾಡಿದರು. ಕಲಾವತಿ ಫೋನನ್ನು ಅತ್ತೆಯ ಕಿವಿಗೆ ಹಿಡಿದರು. ಜಯಮ್ಮನ ಕಿವಿ ಅಷ್ಟರಲ್ಲಿ ಬಹಳ ಮಂದವಾಗಿತ್ತು. "ಯಾರು? ಯಾರವ್ವಾ?" ಎಂದು ಕೇಳುತ್ತಲೇ ಇದ್ದರು. ಸಾಜಿದಾ ಹೆಸರು ಹೇಳಿದರು, ಪೊಮೊನಾ ಎಂದರು, ಕಥೆ ಎಂದರು. ಕೊನೆಗೆ ಓದಲು ಶುರುಮಾಡಿಬಿಟ್ಟರು. ಕೂಗಿ ಕೂಗಿ ಮೂರು ಪುಟ. ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು. ನಾಲ್ಕನೆಯ ಪುಟದಲ್ಲಿ ಕಲಾವತಿಯ ಮೆಲುದನಿ ಬಂತು: "ಸಾಜಿದಾ, ಅತ್ತೆ ನಿದ್ದೆ ಹೋದ್ರು. ಸಾರಿ. ಈಗೀಗ ಹಾಗೇ."

ಆ ಅಕ್ಟೋಬರಿನಲ್ಲಿ ಜಯಮ್ಮ ತೀರಿಕೊಂಡರು. ಸುದ್ದಿ ನಮ್ರತಾಳ ಈಮೇಲಿನಲ್ಲಿ ಬಂತು.

ನಿಯಾಜ್ ಕೊರಿಯಾದ ಕೆಲಸ ಮುಗಿಸಿ ಶಾಶ್ವತವಾಗಿ ವಾಪಸು ಬಂದದ್ದು ಅದೇ ತಿಂಗಳ ಕೊನೆಗೆ. ಒಂದು ಭಾನುವಾರ ನಾವು ನಾಲ್ವರೂ ಡೆಲ್ ಮಾರ್‌ನ ಸಮುದ್ರದ ದಂಡೆಗೆ ಹೋಗಿದ್ದೆವು. ಗಂಡಸರು ಮುಂದೆ, ನಾವಿಬ್ಬರು ಹಿಂದೆ. ನಿಯಾಜ್ ಇದ್ದಕ್ಕಿದ್ದಂತೆ ನಿಂತು, ಹೆಂಡತಿ ಹತ್ತಿರ ಬರುವವರೆಗೆ ಕಾದು, ನಮಗೂ ತಿಳಿಯಲೆಂದೋ ಏನೋ ಕನ್ನಡದಲ್ಲೇ ಕೇಳಿದರು: "ಏನೋ ಬರ್ದಿದ್ದೀಯಂತೆ. ಗಿರಿಧರ್ ಹೇಳಿದ್ರು. ಏನು ಕಥೆ ಅದು?"

ಸಾಜಿದಾ ನನ್ನ ಮುಖ ನೋಡಿದರು. ಆಮೇಲೆ ಗಂಡನ ಪಕ್ಕದಲ್ಲಿ ನಡೆಯುತ್ತ, ಉರ್ದುವಿನಲ್ಲಿ, ಚಂದ್ರನ ಹೋಟೆಲನ್ನು ಹೇಳತೊಡಗಿದರು. ನಿಯಾಜ್ ಕೈ ಹಿಂದೆ ಕಟ್ಟಿ, ತಲೆ ತಗ್ಗಿಸಿ ಕೇಳುತ್ತಿದ್ದರು. ಅರ್ಧ ದಾರಿಯಲ್ಲಿ ಅವರು ಹುಬ್ಬು ಗಂಟಿಕ್ಕಿ, "ಒಂದ್ನಿಮಿಷ. ಅಲ್ಲಿ ಇಡ್ಲಿ ಹಿಟ್ಟು ಹುದುಗು ಬರುತ್ತಾ?" ಎಂದರು.

"ಬರುತ್ತೆ," ಎಂದರು ಸಾಜಿದಾ. "ಮುಚ್ಚಳ ಬಿಗಿಯಾಗಿ ಹಾಕ್ಬೇಕು."

ನಿಯಾಜ್ ಸ್ವಲ್ಪ ಯೋಚಿಸಿ, ಸರಿ, ಮುಂದೆ ಹೇಳು ಎಂಬಂತೆ ತಲೆಯಾಡಿಸಿದರು. ಅಲೆಗಳ ಸದ್ದಿನಲ್ಲಿ ಮುಂದಿನದು ನನಗೆ ಕೇಳಿಸಲಿಲ್ಲ.